ಮಮ್ಮಿ ನಾಜಲ್ ಬದಲಿಸಿದ ದಿನ

ಡೀಸೆಲ್ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಮೈ ಬೆಚ್ಚಗಾಗುತ್ತದೆ. ಮೊನ್ನೆ ಇಲ್ಲಿ ಒಮಾನಿನ ಸಲಾಲಾದಲ್ಲಿ, ಖರೀಫ್ ಎಂಬ ಮುಂಗಾರು ಮಳೆ ಜಿನುಗುತ್ತಿದ್ದ ಒಂದು ಸಂಜೆ, ಪಕ್ಕದ ಕಟ್ಟಡದವರು ಜನರೇಟರಿಗೆ ಎಣ್ಣೆ ತುಂಬಿಸುವಾಗ ಒಂದಿಷ್ಟು ಚೆಲ್ಲಿತು. "ಮಮ್ಮಾ, ಇಟ್ ಸ್ಟಿಂಕ್ಸ್!" ಎಂದು ಮಗಳು ಕಿಟಕಿ ಮುಚ್ಚಿದಳು. ಅವಳು ಅತ್ತ ಹೋದ ಮೇಲೆ ನಾನು ಅದನ್ನು ಬೆರಳಷ್ಟು ತೆರೆದು ನಿಂತೆ. ಅದು ನನ್ನ ಪಪ್ಪನ ಅಂಗಿಯ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದೆ, ಮಮ್ಮಿಯ ಮೀನು ಸಾರಿನ ಪರಿಮಳದ ಜೊತೆ ಸೇರಿ, ಜಬಲ್ ಅಖ್ದರ್ ಬೆಟ್ಟದ ಮೇಲಿನ ನಮ್ಮ ಎರಡು ಕೋಣೆಯ ಮನೆಯನ್ನು ತುಂಬಿಕೊಂಡಿದ್ದ ವಾಸನೆ.

ಒಮಾನ್ ಎಂದರೆ ಮರಳು, ಬಿಸಿಲು ಎಂದುಕೊಂಡವರು ಆ ಬೆಟ್ಟದ ಚಳಿಯನ್ನು ನಂಬುವುದಿಲ್ಲ. ಜನವರಿಯ ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರುತ್ತಿತ್ತು. ನಮ್ಮ ಕಾಲೊನಿಯಲ್ಲಿ ಹನ್ನೆರಡು ಮನೆ. ಪ್ರತಿ ಮನೆಯ ಹಿಂದೆ ಒಂದು ಸಣ್ಣ ಕೋಣೆ, ಅದರೊಳಗೆ ಡೀಸೆಲಿನಲ್ಲಿ ಉರಿಯುವ ಬರ್ನರ್. ಅದು ಕಾಯಿಸಿದ ನೀರು ಗೋಡೆಯ ಪೈಪುಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತಿತ್ತು. ಆ ಹನ್ನೆರಡು ಬರ್ನರ್‌ಗಳನ್ನು ನೋಡಿಕೊಳ್ಳುವುದು ಪಪ್ಪನ ಕೆಲಸ. ಉಡುಪಿಯ ಕಡೆಯ ಪಪ್ಪನಿಗೆ ಕೈಯಲ್ಲಿ ವಿದ್ಯೆಯಿತ್ತು, ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮದುವೆಗೆ ಮೊದಲು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಮಮ್ಮಿ ಬರ್ನರಿನ ಪುಸ್ತಕವನ್ನು ಓದಿ ಓದಿ ಕೊಂಕಣಿಯಲ್ಲಿ ಹೇಳುತ್ತಿದ್ದಳು. ನಮ್ಮ ಮನೆಯ ಬರ್ನರ್ ಬಿಚ್ಚಿದಾಗಲೆಲ್ಲ ಅವಳು ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುವಳು. ಹಾಗೆ ಓದಿದ್ದೂ ನೋಡಿದ್ದೂ ಸೇರಿ ಅವಳೊಳಗೆ ಎಷ್ಟು ಕಲಿಕೆ ಕೂತಿತ್ತೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ, ಆ ದಿನದವರೆಗೆ.

ಆಗ ನನಗೆ ಒಂಬತ್ತು ವರ್ಷ. ಪಪ್ಪ ಸಾಮಾನು ತರಲು ಬೆಟ್ಟದ ಕೆಳಗಿನ ನಿಜ್ವಾ ಪಟ್ಟಣಕ್ಕೆ ಇಳಿದಿದ್ದರು. ಹಿಂದೆಯೇ ಮಳೆ ಬಂದು, ಬೆಟ್ಟದ ದಾರಿಗೆ ಕಲ್ಲು ಉರುಳಿ, ರಸ್ತೆ ಮುಚ್ಚಿತು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಸಾಲಿಮ್ ಓಡಿ ಬಂದ. ಅವನ ಹೆಂಡತಿ ಹೆತ್ತು ಹತ್ತು ದಿನವಾಗಿತ್ತು. ಅವರ ಮನೆಯ ಬರ್ನರ್ ಆರಿಹೋಗಿದೆ, ಕೋಣೆಯೆಲ್ಲ ಕೊರೆಯುತ್ತಿದೆ ಎಂದ. ಮಮ್ಮಿ, "ಬಾಣಂತಿಯನ್ನೂ ಮಗುವನ್ನೂ ನಮ್ಮಲ್ಲಿಗೆ ಕರೆದುಕೊಂಡು ಬಾ" ಎಂದಳು. ಆದರೆ ಸಾಲಿಮನ ತಾಯಿ, ನಾವೆಲ್ಲ ಉಮ್ಮ್ ಸಾಲಿಮ್ ಎಂದು ಕರೆಯುತ್ತಿದ್ದ ಮುದುಕಿ, ಬಾಗಿಲಿಗೆ ಅಡ್ಡ ನಿಂತರು. ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಮಮ್ಮಿ ವಾದಿಸಲಿಲ್ಲ. ನಮ್ಮ ಕಂಬಳಿಗಳನ್ನೆಲ್ಲ ಹೊತ್ತುಕೊಂಡು ಹೋಗಿ ಮಗುವನ್ನು ತಾಯಿಯ ಎದೆಗೆ ಒತ್ತಿ ಸುತ್ತಿಟ್ಟು, ಪಪ್ಪನಿಗೆ ಫೋನ್ ಮಾಡಿದಳು.

ಪಪ್ಪ ಮೊದಲು ಕೇಳಿದ್ದೇ ಒಂದು ಮಾತು. "ಕೆಂಪು ಬಟನ್ ಎಷ್ಟು ಸಲ ಒತ್ತಿದ್ದಾನೆ ಕೇಳು."

ಸಾಲಿಮ್ ಐದು ಬೆರಳು ತೋರಿಸಿದ. ಆಮೇಲೆ ಯೋಚಿಸಿ ಇನ್ನೆರಡು ಸೇರಿಸಿದ.

ಏಳು ಸಲ ಎಂದು ಮಮ್ಮಿ ಫೋನಿಗೆ ಹೇಳಿದೊಡನೆ ಪಪ್ಪ ತಡೆದರು. "ಲೀನಾ, ಒತ್ತಿದಾಗಲೆಲ್ಲ ಸುರಿದ ಎಣ್ಣೆ ಒಳಗೆ ತುಂಬಿರ್ತದೆ. ಇನ್ನೊಂದು ಸಲ ಒತ್ತಿ ಬೆಂಕಿ ಹಿಡಿದ್ರೆ ಬಾಗಿಲೇ ಹಾರಿಹೋಗ್ತದೆ. ನಾನು ಬರುವವರೆಗೆ ಯಾರೂ ಮುಟ್ಟುವುದು ಬೇಡ."

"ಯಾವಾಗ ಬರ್ತೀರಿ?"

"ನಾಳೆ. ಇಲ್ಲಾ ನಾಡಿದ್ದು."

ಮಮ್ಮಿ ಕಂಬಳಿಯೊಳಗಿನ ಮಗುವಿನ ಮುಖ ನೋಡಿದಳು. ತುಟಿಯ ಸುತ್ತ ನೀಲಿ ತಿರುಗಿತ್ತು. "ಹಾಗಾದ್ರೆ ನಾನೇ ಮಾಡ್ತೇನೆ. ನೀವು ಫೋನ್ ಹತ್ತಿರವೇ ಇರಿ," ಎಂದಳು.

ಕಾಲೊನಿಯ ಅಂಗಡಿ ನಡೆಸುವ ಹಮೀದಾಕನೂ ಅಷ್ಟರಲ್ಲಿ ಬಂದಿದ್ದರು. ಪುತ್ತೂರಿನವರು, ಒಳ್ಳೆಯ ಮನುಷ್ಯ. "ಬಾಯಮ್ಮ, ನಿಮಗೆ ಯಾಕೆ ಈ ಉಸಾಬರಿ? ಪೊರ್ಬುಗಳು ಬರ್ಲಿ ಮಾರಾಯ್ರೆ," ಎಂದರು. ಅವರ ಬಾಯಲ್ಲಿ ಮಮ್ಮಿ ಬಾಯಮ್ಮ, ಪಪ್ಪ ಪೊರ್ಬುಗಳು.

"ಮಗು ಕಾಯ್ತದಾ ಹಮೀದಾಕ? ನೀವು ಬರ್ನರ್ ಕೋಣೆಯ ಬಾಗಿಲು ತೆರೆದು ಹಿಡಿಯಿರಿ. ಬೀಡಿ ಮಾತ್ರ ಹೊರಗೆ."

ಸಾಲಿಮನ ಹಿತ್ತಲಿನ ಗೋಡೆಯ ಮೇಲೆ ಕೂತು ನಾನು ಎಲ್ಲವನ್ನೂ ನೋಡಿದೆ. ಮಮ್ಮಿ ಮೊದಲು ಕರೆಂಟ್ ತೆಗೆದಳು, ಆಮೇಲೆ ಎಣ್ಣೆಯ ವಾಲ್ವ್ ತಿರುಗಿಸಿ ಮುಚ್ಚಿದಳು. ಕಬ್ಬಿಣ ತಣ್ಣಗಾಗಿದೆಯೇ ಎಂದು ಹಿಂಗೈ ಇಟ್ಟು ನೋಡಿದಳು. ಉರಿಯುವ ಗೂಡಿನೊಳಗೆ ನಿಂತ ಎಣ್ಣೆಯನ್ನು ಹಳೆಯ ಬಟ್ಟೆಗಳಿಂದ ಒರೆಸಿ ಒರೆಸಿ ತಗಡಿನ ಡಬ್ಬಕ್ಕೆ ಹಾಕಿ ದೂರ ಇಡಿಸಿದಳು. ಆಮೇಲೆ ಏನೂ ಮಾಡದೆ ಸುಮ್ಮನೆ ಕೂತಳು. ಒಳಗಿನ ಎಣ್ಣೆಯ ಹಬೆ ಹೋಗಬೇಕಿತ್ತು. ಸಾಲಿಮನಿಗೆ ತಡೆಯಲಾಗಲಿಲ್ಲ. "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸುತ್ತಾ ಬಂದವನು ಸ್ವಿಚ್ಚಿಗೆ ಕೈ ಹಾಕಿದ. ಯಾರ ಎದುರೂ ದನಿ ಏರಿಸದ ನನ್ನ ಮಮ್ಮಿ ಅವನ ಮಣಿಕಟ್ಟು ಹಿಡಿದು, "ಖಲಾಸ್, ಸಾಕು ಸಾಲಿಮ್! ನಿನ್ನ ಮಗುವಿಗೆ ಅಪ್ಪ ಬೇಡವಾ?" ಎಂದು ಅಬ್ಬರಿಸಿದಳು. ಅವನು ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡ.

ನಾಜಲ್ ಎಂದರೆ ಹೊಲಿಗೆಯವರ ಬೆರಳುಟೋಪಿಯಷ್ಟಿರುವ ಹಿತ್ತಾಳೆಯ ತುಂಡು. ಅದರ ತುದಿಯ ಕಣ್ಣಿಗೆ ಕಾಣದಂಥ ತೂತಿನಿಂದ ಎಣ್ಣೆ ಮಂಜಿನಂತೆ ಸಿಡಿಯಬೇಕು. ಮಮ್ಮಿ ಒಂದು ಸ್ಪಾನರಿನಿಂದ ಹಿಂದಿನ ಭಾಗ ಬಿಗಿಹಿಡಿದು, ಇನ್ನೊಂದರಿಂದ ಹಳೆಯದನ್ನು ಬಿಚ್ಚಿದಳು. ತೂತು ಮಸಿಯಲ್ಲಿ ಅರ್ಧ ಕಟ್ಟಿಹೋಗಿ, ಎಣ್ಣೆ ಮಂಜಾಗದೆ ಹನಿಹನಿಯಾಗಿ ಒಳಗೆ ಬಿದ್ದಿತ್ತು. "ಪಿನ್ ಹಾಕಿ ಚುಚ್ಚಿದ್ರೆ ಆಗ್ಲಿಕ್ಕಿಲ್ವಾ?" ಎಂದರು ಹಮೀದಾಕ. ಚುಚ್ಚಿದರೆ ತೂತು ಕೆಡುತ್ತದೆ, ಬೆಂಕಿ ಎತ್ತೆತ್ತಲೋ ಹೋಗುತ್ತದೆ ಎಂದಳು. ಪಪ್ಪನ ಪೆಟ್ಟಿಗೆಯಲ್ಲಿ ಹೊಸವು ಮೂರಿದ್ದವು. ನೋಡಲು ಮೂರೂ ಒಂದೇ. ಅವಳು ಕನ್ನಡಕ ಏರಿಸಿ, ಹಳೆಯದರ ಮೈಮೇಲೆ ಕೊರೆದ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಫೋನಿನ ಆ ಕಡೆ ಪಪ್ಪ "ಹಾಂ, ಹಾಂ" ಎನ್ನುತ್ತಿದ್ದರು. ಮೊದಲನೆಯದು ಹೊಂದಲಿಲ್ಲ, ಎರಡನೆಯದೂ ಇಲ್ಲ. ಮೂರನೆಯದು ಅಂಕಿಗೆ ಅಂಕಿ ಕೂಡಿತು. ತುದಿಗೆ ಬೆರಳು ತಾಗಿಸದೆ ಅದನ್ನು ಕೂರಿಸಿದಳು, ತಿರುಗಿಸಿದಳು, ಹದವಾಗಿ ಬಿಗಿದಳು.

ವಾಲ್ವ್ ತೆರೆದು, ಎಲ್ಲೂ ತೊಟ್ಟಿಕ್ಕುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಎಲ್ಲರನ್ನೂ ಹೊರಗೆ ಕಳಿಸಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕರೆಂಟ್ ಹಾಕಿ, ಪಕ್ಕಕ್ಕೆ ಸರಿದು ನಿಂತು, ಬಟನ್ ಒತ್ತಿದಳು. ಒಂದೇ ಸಲ. ಫ್ಯಾನ್ ಗುಂಯ್ಗುಟ್ಟಿತು, ಆಮೇಲೆ ಒಳಗೆಲ್ಲೋ ಯಾರೋ ನಿಟ್ಟುಸಿರು ಬಿಟ್ಟಂತೆ ಬೆಂಕಿ ಹಿಡಿಯಿತು. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಪಪ್ಪ ಅಳುತ್ತಿದ್ದರಂತೆ. ಮಮ್ಮಿ ಬಹಳ ವರ್ಷಗಳ ಮೇಲೆ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಬಣ್ಣ ತಿರುಗಿ, ಅದು ಹಸಿವಿನಿಂದ ಕಿರುಚತೊಡಗಿತು. ಉಮ್ಮ್ ಸಾಲಿಮ್ ಮಮ್ಮಿಯನ್ನು ಚಾಪೆಯ ಮೇಲೆ ಕೂರಿಸಿ, ಅವಳ ಮಸಿ ಮೆತ್ತಿದ ಕೈಗಳನ್ನು ತಮ್ಮ ಮನೆಯಲ್ಲೇ ಭಟ್ಟಿ ಇಳಿಸಿದ ಪನ್ನೀರಿನಲ್ಲಿ ಒಂದೊಂದು ಬೆರಳಾಗಿ ತೊಳೆದರು. ಮಮ್ಮಿ ನಾಚಿಕೊಂಡು ಕೈ ಎಳೆದುಕೊಳ್ಳುತ್ತಿದ್ದಳು. ಆ ಮುದುಕಿ ಬಿಡಲಿಲ್ಲ. ಮೂರನೆಯ ದಿನ ಬಂದ ಪಪ್ಪ ನೇರ ಸಾಲಿಮನ ಹಿತ್ತಲಿಗೇ ಹೋಗಿ, ಗಾಜಿನ ಕಿಂಡಿಯಿಂದ ಬಹಳ ಹೊತ್ತು ಜ್ವಾಲೆ ನೋಡಿ, "ನನಗೆ ಏನೂ ಕೆಲಸ ಉಳಿಸಲಿಲ್ಲ ಇವಳು," ಎಂದರು. ಅಲ್ಲಿಂದ ಮುಂದೆ ಚಳಿಗಾಲದಲ್ಲಿ ಮೊದಲ ಸಲ ಬರ್ನರ್‌ಗಳನ್ನು ನೋಡಿಬರಲು ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು. ಹನ್ನೆರಡು ಮನೆಯಲ್ಲಿಯೂ ಖಾವಾ ಕಾಫಿ, ಖರ್ಜೂರ. ನನ್ನ ಬಾಲ್ಯದ ಅತ್ಯಂತ ಸುಖದ ದಿನಗಳೆಂದರೆ ಅವೇ.

ಆರು ವರ್ಷದ ಮೇಲೆ ಕಾಲೊನಿಗೆ ಕರೆಂಟಿನ ಹೀಟರ್ ಬಂತು, ಪಪ್ಪನ ಕೆಲಸ ಮುಗಿಯಿತು. ಈಗ ಆ ಮನೆಗಳೂ ಇಲ್ಲ. ಅಲ್ಲಿ ಕಾರು ನಿಲ್ಲಿಸುತ್ತಾರೆ. ಉಮ್ಮ್ ಸಾಲಿಮ್ ಹೋದರು, ಪಪ್ಪ ಹೋದರು, ಹೋದ ವರ್ಷ ಮಮ್ಮಿಯೂ. ಆಗ ನಾವು ಬೆಟ್ಟ ಬಿಟ್ಟು ಇಳಿಯುವ ಹಿಂದಿನ ದಿನ ನಮ್ಮ ಬರ್ನರನ್ನು ಬಿಚ್ಚಿ ಒಯ್ದಿದ್ದರು. ಹೊಸ ಹೀಟರ್ ಇನ್ನೂ ಹಾಕಿರಲಿಲ್ಲ. ಸಾಮಾನೆಲ್ಲ ಕಟ್ಟಿಟ್ಟ ಖಾಲಿ ಕೋಣೆಯಲ್ಲಿ, ಸಂಜೆಯ ಬೆಳಕಿನಲ್ಲಿ, ಉಳಿದ ಒಂದೇ ಕಂಬಳಿಯನ್ನು ಮೂವರೂ ಹೊದ್ದು ಕೂತೆವು. "ಈಗ ಗೊತ್ತಾಗ್ತದೆ ಇಲ್ಲಿನ ಚಳಿ," ಎಂದರು ಪಪ್ಪ. ಮಮ್ಮಿ ನಕ್ಕಳು. ಪಕ್ಕದ ಮನೆಯಲ್ಲಿ ಹೊಸ ಹೀಟರ್ ಉರಿಯುತ್ತಿತ್ತು, ಬನ್ನಿ ಬನ್ನಿ ಎಂದು ಸಾಲಿಮ್ ಎರಡು ಸಲ ಕರೆದೂ ಹೋಗಿದ್ದ. ನಾವು ಯಾರೂ ಏಳಲಿಲ್ಲ.