ಚೌಕಳಿ ಬಟ್ಟೆಯಲ್ಲಿ ಕರಿ ಉಣ್ಣೆ

ಸತ್ತವರು ಬಿಟ್ಟುಹೋದ ಕೆಲಸ ಮುಗಿಸಲು ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆಂದು ಹೇಳಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಮತ್ತೋಡಿಗೆ ಬಾವಿ ಕೆಲಸಕ್ಕೆಂದು ಟಾಮ್ ಎಂಬ ಅಮೆರಿಕದ ಯುವಕ ಬಂದಿದ್ದ. ನನ್ನ ಅಪ್ಪ ಕಂಬಳಿ ನೇಯುವವನು. ಒಂದು ದಿನ ಟಾಮ್ ಹಸಿರು ಚೌಕಳಿಯ, ನೆರಿಗೆ ಹೊಲಿದ ದಪ್ಪ ಉಣ್ಣೆ ಬಟ್ಟೆಯೊಂದನ್ನು ಮನೆಗೆ ತಂದ. ಕಿಲ್ಟ್ ಎಂದ, ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವುದು. ಅವನ ಹಿರಿಯರು ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋದವರು. ತೀರಿಹೋದ ಅವನ ತಂದೆ ಅಮೆರಿಕದ ಸೈನ್ಯದಲ್ಲಿದ್ದಾಗ ಇದನ್ನುಟ್ಟು ತುಕಡಿಯ ವಾದ್ಯದವರ ಜೊತೆ ಬ್ಯಾಗ್‌ಪೈಪ್ ಊದುತ್ತಿದ್ದನಂತೆ. ಬಟ್ಟೆಯ ಮುಂಭಾಗದಲ್ಲಿ ನುಸಿ ತಿಂದ ತೂತು.

ನೆರೆಮನೆಯ ಈರಣ್ಣ ನಕ್ಕ. "ಏನಪ್ಪ ಟಾಮು, ನಿಮ್ಮಪ್ಪ ಲಂಗ ಉಟ್ಕಂಡು ಯುದ್ಧ ಮಾಡ್ತಿದ್ನಾ?"

"ಯುದ್ಧಕ್ಕೆ ಪ್ಯಾಂಟು. ಇದು ಮೆರವಣಿಗೆಗೆ" ಎಂದ ಟಾಮ್, ತನ್ನ ತೊದಲು ಕನ್ನಡದಲ್ಲಿ.

ಅಪ್ಪ ಬಟ್ಟೆಯನ್ನು ಮೂಸಿದ. "ಲೇ ಈರ, ನಗಬ್ಯಾಡ. ಕುರಿ ಉಣ್ಣೆ ಐತೆ. ನಾವು ಕಂಬಳಿ ಹಾಸಿ ದೇವರನ್ನ ಕೂರಿಸಲ್ವೇನು? ಇವರಿಗೆ ಇದು ಹಂಗೆ. ಬಿಟ್ಟೋಗ್ರಿ ಟಾಮಪ್ಪ, ನೀವು ನಿಮ್ಮೂರಿಗೆ ಹೊರಡೋದ್ರೊಳಗೆ ತೂತು ಮುಚ್ಚಿ ಕೊಡ್ತೀನಿ."

ಆ ಕೆಲಸಕ್ಕೆ ಕೈಹಾಕುವ ಮೊದಲೇ ಅಪ್ಪ ಎದೆನೋವು ಬಂದು ತೀರಿಕೊಂಡ. ಆಮೇಲೆ ನಾನು ಮಗ್ಗದ ಕುಣಿಗೆ, ಕಾಲು ಇಳಿಬಿಟ್ಟು ಕೂತು ನೇಯುವ ಆ ಗುಂಡಿಗೆ, ಇಳಿಯಲಿಲ್ಲ. ನೇಯಲು ನನಗೆ ಬರುತ್ತಿತ್ತು. ತೂತು ಮುಚ್ಚುವುದನ್ನಾಗಲಿ, ಅಪ್ಪ ಪ್ರತಿ ಕಂಬಳಿಯ ಕೊನೆಗೆ ಹಾಕುತ್ತಿದ್ದ ಜೋಡಿಗಂಟನ್ನಾಗಲಿ ಅವನಿನ್ನೂ ಕಲಿಸಿರಲಿಲ್ಲ. ಟಾಮ್ ಹೊರಡುವ ದಿನ ಬಂದೇಬಿಟ್ಟಿತು. ಅಪ್ಪ ಕೊಟ್ಟ ಮಾತು ಹಾಗೇ ಉಳಿಯಿತಲ್ಲ ಎಂಬ ಸಂಕಟದಲ್ಲಿ, ಮಧ್ಯಾಹ್ನ ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗ್ಗದ ಪಕ್ಕ ಗೋಡೆಗೆ ಒರಗಿದೆ. ನಿದ್ದೆ ಬಂತು.

ಎಚ್ಚರವಾದಾಗ ತೂತು ಇರಲಿಲ್ಲ. ಅಲ್ಲಿ ನಮ್ಮ ಕರಿ ಕುರಿಯ ಉಣ್ಣೆ, ಮೇಲೆ ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿ, ಇನ್ನೂ ಹಸಿ. ಅಂಚಿನಲ್ಲಿ ಜೋಡಿಗಂಟು. ನನ್ನ ಬೆರಳುಗಳಿಗೂ ಗಂಜಿ ಅಂಟಿತ್ತು.

"ಅವ್ವಾ, ನೀನೇನಾ?" ಎಂದು ಕೂಗಿದೆ.

"ನನ್ನ ಕಣ್ಣಿಗೆ ಸೂಜಿ ಎಲ್ಲಿ ಕಾಣ್ತೈತಪ್ಪ? ಅವರು ಹೋದ ಮ್ಯಾಲೆ ಈ ಮನೇಲಿ ಗಂಜಿ ಕಾಸಿದೋರು ಯಾರು?" ಎಂದಳು ಅವ್ವ. ನೋಡಿದೆ, ಒಲೆ ತಣ್ಣಗಿತ್ತು.

ಸಂಜೆ ಟಾಮ್ ಹಸಿರಿನ ನಡುವಿನ ಆ ಕಪ್ಪನ್ನು ಬಹಳ ಹೊತ್ತು ಸವರಿದ. "ನಿಮ್ಮಪ್ಪ ಮಾಡಿದ್ರಾ?"

"ಹೂಂ" ಎಂದೆ. ಅದು ಸುಳ್ಳೋ ನಿಜವೋ ಇಂದಿಗೂ ಗೊತ್ತಿಲ್ಲ.

ಹೊಸದುರ್ಗದ ಬಸ್ಸು ಅವನನ್ನು ಹತ್ತಿಸಿಕೊಂಡು ಹೋಯಿತು. ಮರುದಿನ ಬೆಳಿಗ್ಗೆ ಕುಣಿಗಿಳಿದು, ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಕಂಬಳಿ ನೇಯತೊಡಗಿದೆ. ಅದು ಮುಗಿದಾಗ ಅಂಚಿಗೆ ಜೋಡಿಗಂಟು ಹಾಕಲು ಕೈಯಿಟ್ಟೆ. ಯಾರೂ ಕಲಿಸದಿದ್ದರೂ ಬೆರಳು ತಡವರಿಸಲಿಲ್ಲ.