ಹಾರ ಹಾಕಿಸಿಕೊಂಡ ಜಖಂ ಕಾರು

ನನ್ನ ಹೊಸ ಕಾರು ಗೆಳೆಯರೇ, ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿತು. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ. ಅದನ್ನು ನೋಡಲು ಇವತ್ತು ವಿಮೆಯ ಸರ್ವೇಯರ್ ಸಾಹೇಬರು ಅಥಣಿಯ ನಮ್ಮ ಮನೆಗೆ ಬಂದರು. ಗಾಡಿ ಪೂರ್ತಿ ಹೋಯಿತೆಂದು ಅವರು ಬರೆದರೆ ಹೊಸ ಗಾಡಿಯ ದುಡ್ಡು, ಇಲ್ಲವಾದರೆ ಬರೀ ರಿಪೇರಿಯ ಖರ್ಚು.

ಸಾಹೇಬರು ಬರುತ್ತಾರೆಂದು ನನ್ನ ಹೆಂಡತಿಯ ತಮ್ಮ ಬಾಳ್ಯಾ ಬೆಳಿಗ್ಗೆಯೇ ಕಾರು ತೊಳೆದು, ಬಾನೆಟ್ ತಟ್ಟಿ ಕೂರಿಸಿ, ಚಿಂಚಲಿಯ ಮಾಯಕ್ಕ ದೇವಿಯ ಭಂಡಾರದ ಅರಿಶಿನ ಹಚ್ಚಿ ಹಾರ ಹಾಕಿದ್ದ.

"ಛಲೋನ ಐತಲ್ರಿ, ರಿಪೇರಿ ಆಗತೈತಿ," ಎಂದರು ಸಾಹೇಬರು.

"ಲೇ ಬಾಳ್ಯಾ, ಮದಿವಿ ಗಾಡಿ ಮಾಡೀಯಲ್ಲೋ," ಎಂದೆ.

"ಮಂದಿ ಬರೂಮುಂದ ಹೊಲಸ ಇಡೂದೇನ್ರಿ ಮಾಮಾ?"

ನಾನು ಬಿಡಲಿಲ್ಲ. "ಹತ್ರಿ ಸಾಹೇಬ್ರ, ಚಿಂಚಲಿಗೆ ಹೋಗಿ ಕಾಯಿ ಒಡಿಸ್ಕೊಂಡ ಬರೂಣು. ಗಾಡಿ ನೀವ ಹೊಡೀರಿ."

ಅವರು ಎಳೆದರು, ನಾನು ಎಳೆದೆ, ಬಾಗಿಲು ತೆರೆಯಲಿಲ್ಲ.

"ಹಂಗಾರ ಕೆಳಗ ಬಗ್ಗಿ ನೋಡ್ರಿ. ನೋಡೂತನಾ ನಿಮ್ಮನ್ನ ಬಿಡಾಂವಲ್ಲ."

ಕರವಸ್ತ್ರ ಹಾಸಿ ಮಲಗಿ ನೋಡಿದರು. ಗಾಡಿಯ ಕೆಳಗಿನ ಚೌಕಟ್ಟು, ಚಾಸಿ, ಗಾಣದಿಂದ ಹೊರಬಿದ್ದ ಕಬ್ಬಿನಂತಿತ್ತು. ಎದ್ದವರೇ ಪೂರ್ತಿ ಹೋಗಿದೆಯೆಂದು ಬರೆದರು.

"ಇನ್ನ ಈ ಗಾಡಿ ವಿಮಾ ಕಂಪನಿದು. ಒಪ್ಪಿಗಿ ಐತೇನ್ರಿ?" ಎಂದರು ಸಾಹೇಬರು.

"ಒಯ್ರಿ. ಮೈ ತೊಳದು, ಅರಿಷಿಣ ಹಚ್ಚಿ, ಹಾರ ಹಾಕಿ ಕಳಸಾಕತ್ತೀವಿ. ಚಂದಂಗ ನೋಡ್ಕೋರಿ."

ಅಡುಗೆಮನೆಯಿಂದ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಈಗ ಕೂಗುತ್ತಿದ್ದಾಳೆ: "ರೊಟ್ಟಿ ಆರಾಕತ್ತಾವು, ಬೀಗರ್ನ ಕರಕೊಂಡ ಒಳಗ ಬರ್ರಿ."