ದೂರು ಬಾರದ ಬೀದಿ

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಮೂರು ವರ್ಷ ನಾನು ಪೊಲೀಸರ ಮೇಲೆ ಕಣ್ಣಿಡುವ ನಾಗರಿಕರ ಸಮಿತಿಯಲ್ಲಿದ್ದೆ. ಹಾಗೆಂದಾಗ ಊರಿನ ನೆಂಟರು ನನ್ನನ್ನು ದೊಡ್ಡ ಅಧಿಕಾರಿ ಎಂದುಕೊಳ್ಳುತ್ತಿದ್ದರು. ನಿಜಕ್ಕೂ ನಾವು ಏಳು ಜನ ಸಾಮಾನ್ಯರು. ತಿಂಗಳಿಗೊಮ್ಮೆ ಕೂತು ಪೊಲೀಸರು ಏನು ಮಾಡಿದರು, ಮುಂದಿನ ಬಜೆಟ್ಟನ್ನು ಎಲ್ಲಿ ಖರ್ಚು ಮಾಡುತ್ತಾರೆ ಎಂದು ಕೇಳುವುದು, ಒಪ್ಪದಿದ್ದರೆ ಒಪ್ಪಲಿಲ್ಲವೆಂದು ಬರೆಸುವುದು, ಅಷ್ಟೇ. ತೀರ್ಮಾನ ಅವರದೇ. ಆದರೂ ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಡಲೇಬೇಕಿತ್ತು, ಅದೂ ಕಾಫಿ, ಬನ್ನು ಮುಗಿದ ಮೇಲೆ. ನನಗೆ ಪ್ರಶ್ನೆ ಕೇಳುವ ಚಪಲ ಮೊದಲಿನಿಂದಲೂ ಇತ್ತು.

ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ಕೆಳಗಿನ ಮಹಡಿಯ ಹುಡುಗಿ ನಮ್ಮ ಬಾಗಿಲು ಬಡಿದಳು. ದಾವಣಗೆರೆಯವಳು. ಗಂಡ ದೂರದ ಊರಿನ ಲಿಂಡ್‌ಹೋಲ್ಮೆನ್‌ನ ಆಫೀಸಿಗೆ ಹೋದವನು ವಾರದ ಕೊನೆಗೆ ಬರುತ್ತಿದ್ದ. ಅವಳು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗಿ ಮಗುವನ್ನು ಕರೆತರುವಷ್ಟರಲ್ಲಿ ಯಾರೋ ಬಾಲ್ಕನಿಯ ಬಾಗಿಲು ಮೀಟಿ ಅವಳ ತಾಯಿ ಕೊಟ್ಟ ಬಳೆಗಳನ್ನು ಒಯ್ದಿದ್ದರು.

“ಅಕ್ಕ, ಪೊಲೀಸ್‌ಗೆ ಫೋನ್ ಮಾಡ್ಲಾ? ನೀವು ಅವರ ಜೊತೆ ಮೀಟಿಂಗ್ ಮಾಡ್ತೀರಲ್ಲ, ಹೇಳಿ.”

“ಇಲ್ಲಿರೋ ಪರ್ಮಿಟ್ ರಿನ್ಯೂವಲ್‌ಗೆ ನೀವಿಬ್ಬರೂ ಹಾಕಿದೀರಾ?”

“ಹೂಂ, ಇನ್ನೂ ಬಂದಿಲ್ಲ.”

“ಹಾಗಾದ್ರೆ ಸುಮ್ನಿರು. ಈ ಟೈಮಲ್ಲಿ ನಿಮ್ಮ ಹೆಸರು ಪೊಲೀಸ್ ಕಂಪ್ಯೂಟರ್‌ಗೆ ಯಾಕೆ ಹೋಗ್ಬೇಕು? ಬಳೆ ಅಂತೂ ವಾಪಸ್ ಬರಲ್ಲ.”

ಕಳವಾದ ಮನೆಯವರು ದೂರು ಕೊಟ್ಟರೆ ಪರ್ಮಿಟ್ಟಿಗೆ ಏನೂ ಆಗುವುದಿಲ್ಲವೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಮರ್ಯಾದಸ್ಥರು ಸ್ಟೇಷನ್ ಮೆಟ್ಟಿಲು ಹತ್ತಬಾರದು ಎಂಬುದು ನನ್ನೊಳಗೆ ಸ್ವೀಡಿಷ್ ಪಾಸ್‌ಪೋರ್ಟಿಗಿಂತ ಹಳೆಯದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆಮೇಲೆ ಅವಳಿಗೆ ಉಳಿದದ್ದು ಒಂದೇ ಧೈರ್ಯ. ವಾರದಲ್ಲಿ ಮೂರು ದಿನ ನಮ್ಮ ಬೀದಿಯಲ್ಲಿ ಒಬ್ಬ ಪೊಲೀಸ್ ಹೆಂಗಸು ನಡೆದು ಬರುತ್ತಿದ್ದಳು, ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಆ ದಿನಗಳಲ್ಲಿ ಮಾತ್ರ ಹುಡುಗಿ ಮಗುವನ್ನು ಅಂಗಳದಲ್ಲಿ ಆಡಲು ಬಿಡುತ್ತಿದ್ದಳು. ಉಳಿದ ದಿನ ಬೀಗ.

ಜನವರಿಯ ಸಭೆಗೆ ಹೊಸ ಬಜೆಟ್ ಬಂತು. ನಮ್ಮ ಬೀದಿಯ ಗಸ್ತು ಅದರಲ್ಲಿರಲಿಲ್ಲ. ಆ ಹೆಂಗಸನ್ನು ಪಕ್ಕದ ಬಡಾವಣೆಗೆ ಹಾಕಿದ್ದರು. ನಾನು ಎಗರಿಬಿದ್ದೆ. ಮಕ್ಕಳನ್ನಿಟ್ಟುಕೊಂಡು ಒಂಟಿಯಾಗಿರುವವರಿದ್ದಾರೆ, ಯಾರನ್ನು ಕೇಳಿ ತೆಗೆದಿರಿ ಎಂದೆ. ಪೊಲೀಸ್ ಮುಖ್ಯಸ್ಥ ನನ್ನ ಮಾತು ಮುಗಿಯುವ ತನಕ ಕಾದು ಒಂದು ಹಾಳೆಯನ್ನು ನನ್ನ ಮುಂದಿಟ್ಟ. ಇಡೀ ವರ್ಷದಲ್ಲಿ ನಮ್ಮ ಬೀದಿಯಿಂದ ಒಂದೇ ಒಂದು ದೂರೂ ಬಂದಿರಲಿಲ್ಲ. ದೂರು ಬಂದ ಕಡೆಗೆ ಜನರನ್ನು ಕಳಿಸುತ್ತೇವೆ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ತಣ್ಣಗಾದ ಕಾಫಿಯನ್ನೇ ಕುಡಿದೆ.

ಸಭೆಯ ನಡಾವಳಿ ಸರಿಯಾಗಿದೆಯೆಂದು ಸರದಿಯಂತೆ ಒಬ್ಬ ಸದಸ್ಯರು ಸಹಿ ಹಾಕುವುದು ಅಲ್ಲಿನ ಪದ್ಧತಿ. ಆ ತಿಂಗಳು ನನ್ನ ಸರದಿ. ವಾರದ ಮೇಲೆ ಕಾಗದ ಕೈಗೆ ಬಂತು: ಈ ಬೀದಿಯಿಂದ ಕಳವಿನ ದೂರಿಲ್ಲ, ಸದಸ್ಯೆ ಇದನ್ನು ಅಲ್ಲಗಳೆಯಲಿಲ್ಲ. ಅಕ್ಷರಕ್ಕಕ್ಷರ ನಿಜ. ಸಹಿ ಹಾಕಿದೆ, ಹಾಕಿ ನಾಚಿಕೆಪಟ್ಟೆ. ನೇರವಾಗಿ ಕೆಳಗಿನ ಮನೆಗೆ ಹೋದೆ.

“ಈಗ್ಲೂ ಕಂಪ್ಲೇಂಟ್ ಕೊಡಬಹುದು, ಕೊಡು. ಅವತ್ತು ನಾನು ಹೇಳಿದ್ದು ತಪ್ಪು.”

ಅವಳು ಬಯ್ಯಲಿಲ್ಲ. “ಆ ಗಸ್ತಿನ ಪೊಲೀಸ್ ಬರೋದು ನಿಂತಿದ್ದು ನಾನು ಕಂಪ್ಲೇಂಟ್ ಕೊಡ್ಲಿಲ್ಲ ಅಂತಾನಾ ಅಕ್ಕ?” ಎಂದಳು.

ಹೌದೆಂದೆ. ಈಗ ದೂರು ಕೊಟ್ಟರೂ ಈ ವರ್ಷ ಆಕೆ ಮರಳಿ ಬರುವುದಿಲ್ಲವೆಂದೂ ಹೇಳಿದೆ. ಅವಳು ಮಗುವನ್ನು ಒಳಗೆ ಕೂರಿಸಿ ಬಂದಳು. ಆಮೇಲೆ ಪೊಲೀಸರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

ಫೋನಿನ ಆ ಕಡೆ ಬೇರೊಬ್ಬ ಪೊಲೀಸ್ ಹೆಂಗಸು ಇಂಗ್ಲಿಷಿನಲ್ಲೇ ಕೇಳಿ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ, ಇಷ್ಟು ತಿಂಗಳು ಯಾಕೆ ತಡವಾಯಿತು, ಯಾರಾದರೂ ಬೇಡವೆಂದರೇ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ನನ್ನ ಕೈ ಹಿಡಿದು ತಡೆದಳು.

ಇಲ್ಲ, ಇಲ್ಲಿಯ ರೀತಿ ನನಗೇ ಗೊತ್ತಿರಲಿಲ್ಲ ಎಂದಳು.

ಅದನ್ನೂ ಟೈಪ್ ಮಾಡಿಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿತು. ನಾನು ತಿದ್ದಬಹುದಿತ್ತು. ತಿದ್ದಲಿಲ್ಲ.